ಬದಲಾಗದ ಆರು ಅಂಕಿ

"ಮತ್ತೆ ಅದೇನಾ?" ನಿಧಾನಣ್ಣ ಸ್ಟೇರಿಂಗಿನ ಮೇಲೆ ಗಲ್ಲ ಊರಿಕೊಂಡೇ ಕೇಳಿದ.

ಅವಳ ತೊಡೆಯ ಮೇಲಿದ್ದ ವೈರ್‌ಲೆಸ್ ಸೆಟ್ಟಿನ ಪುಟ್ಟ ಪರದೆಯಲ್ಲಿ ಆರು ಅಂಕಿಗಳು ಹಸಿರಾಗಿ ಮಿನುಗುತ್ತಿದ್ದವು. ನಲವತ್ತು, ಎಪ್ಪತ್ತೇಳು, ಹತ್ತೊಂಬತ್ತು. ಅವುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಪೆನ್ನಿನ ತುದಿಯಿಂದ ಮೇಲಿನ ಸಾಲುಗಳನ್ನು ಒಂದೊಂದಾಗಿ ಮುಟ್ಟಿದಳು. ಏಳು ಸಾಲು. ಹತ್ತು ನಿಮಿಷಕ್ಕೊಂದರಂತೆ ಏಳು ಸಲವೂ ಅವೇ ಆರು ಅಂಕಿ.

ಆಂಬುಲೆನ್ಸು ನೀರಿನ ಟ್ಯಾಂಕಿನ ಹಿಂದಿನ ಖಾಲಿ ಬಯಲಿನಲ್ಲಿ ನಿಂತಿತ್ತು. ಕರೆ ಬರುವ ತನಕ ಆ ಗಾಡಿ ಕಾಯುವ ಜಾಗ ಅದೇ. ಮಧ್ಯಾಹ್ನದ ಬಿಸಿಲಿಗೆ ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ನರ್ಸು ಕಾಲು ಚಾಚಿಕೊಂಡು ತೂಕಡಿಸುತ್ತಿದ್ದಳು.

ಅವಳು ಫೋನ್ ತೆಗೆದು ಆಸ್ಪತ್ರೆಯ ಕಂಟ್ರೋಲ್ ರೂಮಿಗೆ ಕರೆ ಮಾಡಿದಳು. ಈ ಸೆಟ್ಟಿನ ಜೋಡಿ ಅಲ್ಲಿನ ಮೇಜಿನ ಮೇಲಿತ್ತು.

"ನಲವತ್ತು, ಎಪ್ಪತ್ತೇಳು, ಹತ್ತೊಂಬತ್ತು," ಎಂದಿತು ಆ ಕಡೆಯ ದನಿ. "ಹೊಂದ್ತಾ ಇದೆ ತಾನೇ ಮೇಡಂ? ನಾನು ಊಟಕ್ಕೆ ಹೋಗ್ಲಾ?"

"ಹೊಂದ್ತಾ ಇದೆ. ಹೋಗಿ."

ಹೊಂದುವುದೇ ಅವಳಿಗೆ ಇಷ್ಟು ದಿನ ಬೇಕಾಗಿದ್ದದ್ದು. ಒಂದು ಸೆಟ್ಟು ಆಸ್ಪತ್ರೆಯಲ್ಲಿ, ಇನ್ನೊಂದು ಗಾಡಿಯಲ್ಲಿ. ಎರಡೂ ಒಂದಕ್ಕೊಂದು ಅಲೆ ಕಳಿಸುತ್ತವೆ. ಅಲೆ ಗೋಡೆಗೆ, ಬಸ್ಸಿಗೆ, ಜನರಿಗೆ ಬಡಿದು ಬಡಿದು ಏರಿಳಿಯುತ್ತ ಹೋಗಿ ಸೇರುತ್ತದೆ. ಆ ಕ್ಷಣದ ಏರಿಳಿತ ಎರಡೂ ಕಡೆ ಒಂದೇ ತೆರನಾಗಿರುತ್ತದೆ. ನಾಲ್ಕು ಮಾರು ಆಚೆ ನಿಂತು ಕದ್ದು ಕೇಳುವವನಿಗೆ ಬೇರೆಯೇ ಆಗಿರುತ್ತದೆ. ಆ ಏರಿಳಿತವನ್ನೇ ಅಳೆದು ಎರಡು ಸೆಟ್ಟುಗಳೂ ತಮ್ಮ ತಮ್ಮೊಳಗೇ ಒಂದು ಉದ್ದನೆಯ ಸಂಖ್ಯೆ ಮಾಡಿಕೊಳ್ಳುತ್ತವೆ. ಅದೇ ಕೀಲಿ. ಅದನ್ನು ಯಾರೂ ಯಾರಿಗೂ ಕಳಿಸುವುದಿಲ್ಲ, ಹಾಗಾಗಿ ದಾರಿಯಲ್ಲಿ ಕದಿಯುವ ಪ್ರಶ್ನೆಯೇ ಇಲ್ಲ. ಹತ್ತು ನಿಮಿಷಕ್ಕೊಮ್ಮೆ ಹಳೆಯ ಕೀಲಿ ಹೋಗಿ ಹೊಸದು ಬರಬೇಕು. ಪರದೆಯ ಮೇಲೆ ಕಾಣುವ ಆರು ಅಂಕಿ ಆ ಕೀಲಿಯ ಗುರುತು, ಅಷ್ಟೆ.

ಇದನ್ನು ರೂಪಿಸಿದವರು ಅವಳ ಭಾವ. ಗಂಡನ ಅಣ್ಣ. ಈ ಕಂಪನಿಯಲ್ಲಿ ಅವಳಿಗೆ ಪರೀಕ್ಷಕಿಯ ಕೆಲಸ ಕೊಡಿಸಿದವರೂ ಅವರೇ. ಪರೀಕ್ಷೆ ಎಂದರೆ ನಡೆಯುವುದು. ಸೆಟ್ಟನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ, ಮೆಟ್ಟಿಲುಗಳಲ್ಲಿ, ಮಾರುಕಟ್ಟೆಯ ಸಂದಣಿಯಲ್ಲಿ ನಡೆಯುವುದು, ಅಂಕಿ ಬರೆದುಕೊಳ್ಳುವುದು, ಮತ್ತೆ ನಡೆಯುವುದು. ಮೂರು ವರ್ಷದಲ್ಲಿ ನಾಲ್ಕು ಸಾವಿರ ಸಲ ಅಂಕಿಗಳು ಹೊಂದಿದ್ದವು, ಆ ನಾಲ್ಕು ಸಾವಿರ ಸಲವೂ ಹಿಂದಿನದಕ್ಕಿಂತ ಬೇರೆಯಾಗಿಯೇ ಬಂದಿದ್ದವು. ಕಚೇರಿಯಲ್ಲಿ ಅವಳಿಗೆ 'ನಡೆಯೋ ಮೇಡಂ' ಎಂಬ ಹೆಸರೇ ಬಿದ್ದಿತ್ತು. ಈಚೆಗೆ ಬಲಗಾಲಿನ ಮಂಡಿ ಊದಿಕೊಂಡು, ಸಂಜೆಯಾದರೆ ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಗುತ್ತಿತ್ತು. ಇವತ್ತಂತೂ ಬೆಳಿಗ್ಗೆ ಹಾಸಿಗೆಯಿಂದೇಳುವಾಗಲೇ ಕಾಲು ಊರಲಾಗಲಿಲ್ಲ. ಇನ್ನುಳಿದದ್ದು ಎರಡೇ ದಿನದ ಪರೀಕ್ಷೆ, ಆಮೇಲೆ ಅವಳ ಸಹಿ ಬಿದ್ದರೆ ಸೆಟ್ಟುಗಳು ಆಂಬುಲೆನ್ಸುಗಳಿಗೆ ಹೋಗುತ್ತಿದ್ದವು. ಒಂದು ದಿನ ಗಾಡಿಯಲ್ಲೇ ಕೂತು ಮುಗಿಸಿದರಾಯಿತು ಎಂದುಕೊಂಡು ಬಂದಿದ್ದಳು.

"ನಿಧಾನಣ್ಣ, ಗಾಡೀನ ಒಂದು ಸುತ್ತು ಓಡಿಸ್ತೀರಾ?"

ಅವನು ಕೀ ತಿರುಗಿಸಿದ. ಆಂಬುಲೆನ್ಸ್ ಚಾಲಕನಿಗೆ ನಿಧಾನಣ್ಣ ಎಂದು ಹೆಸರಿಟ್ಟವರು ಯಾರೋ, ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಗಾಡಿ ಟ್ಯಾಂಕನ್ನು ಬಳಸಿ ರಸ್ತೆಗಿಳಿಯಿತು. ಅಂಕಿ ಬದಲಾಯಿತು. ಮುಂದಿನ ಹತ್ತು ನಿಮಿಷಕ್ಕೆ ಮತ್ತೆ ಬದಲಾಯಿತು. ಗಾಡಿಗಳು ಕಾಯುವ ಇನ್ನೊಂದು ಜಾಗ, ಬಾಗಿಲು ಹಾಕಿದ ಗೋದಾಮಿನ ಮುಂದೆ, ಬಂದು ನಿಂತರು. ಅಲ್ಲಿ ಹೊಸದೊಂದು ಅಂಕಿ ಬಂತು. ಆಮೇಲೆ ನಾಲ್ಕು ಸಲವೂ ಅದೇ ಕೂತುಬಿಟ್ಟಿತು.

"ಕೆಟ್ಟೋಯ್ತಾ?" ಎಂದ ನಿಧಾನಣ್ಣ.

"ಕೆಟ್ಟಿಲ್ಲ. ನಿಂತಾಗ ಅಳೆಯೋಕೆ ಏನೂ ಇಲ್ಲ ಅದಕ್ಕೆ. ಏರಿಳಿತಾನೇ ಇಲ್ವಲ್ಲ. ಓಡ್ತಾ ಇದ್ರೆ ಸರಿಯಾಗಿದೆ."

"ಓಡೋದು!" ಅವನು ನಕ್ಕ. "ಎಂಟು ಗಂಟೆ ಡ್ಯೂಟೀಲಿ ಒಂದೂವರೆ ಗಂಟೆ ಓಡಿದ್ರೆ ಜಾಸ್ತಿ ಮೇಡಂ. ನಮ್ದು ನಿಲ್ಲೋ ಕೆಲ್ಸ. ಸಂಬಳ ಕೊಡೋದೂ ನಿಂತಿರೋದಕ್ಕೇ."

ಅವಳು ನಗಲಿಲ್ಲ. ಕಾಯುತ್ತ ನಿಂತಾಗ ಆದ ಕೀಲಿಯೇ ಕರೆ ಬಂದ ಹೊತ್ತಿಗೆ ಸೆಟ್ಟಿನಲ್ಲಿರುತ್ತದೆ. ಈ ಗಾಡಿ ಇಲ್ಲದ ಹೊತ್ತು ನೋಡಿ ಇನ್ನೊಬ್ಬ ಇದೇ ಜಾಗದಲ್ಲಿ ತನ್ನ ಸೆಟ್ಟು ಇಟ್ಟುಕೊಂಡು ಕೂತರೆ? ಅವನಿಗೂ ಇದೇ ಆರು ಅಂಕಿ. ಆಮೇಲೆ ಅವನು ಮನೆಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಎಲ್ಲವನ್ನೂ ಕೇಳಬಹುದು.

"ಯಾರಾದ್ರೂ ಕೇಳಿಸ್ಕೊಂಡ್ರೆ ಏನಾಗುತ್ತೆ ನಿಧಾನಣ್ಣ?" ಎಂದಳು. ಕೇಳಿದ್ದು ಅವನನ್ನೋ, ತನ್ನನ್ನೋ. "ಇಲ್ಲಿ ಯುದ್ಧ ನಡೀತಿದೆಯಾ?"

ನಿಧಾನಣ್ಣ ಕಿಟಕಿಯ ಗಾಜು ಪೂರ್ತಿ ಇಳಿಸಿದ.

"ಎಂಟು ವರ್ಷ ಆಯ್ತು ಮೇಡಂ. ಆಗ ನಮ್ ಸೆಟ್ಟಲ್ಲಿ ಮಾತಾಡಿದ್ದು ಯಾರಿಗೆ ಬೇಕಾದ್ರೂ ಕೇಳ್ತಿತ್ತು. ಒಂದು ಮನೆಯಿಂದ ಕರೆ ಬಂತು. ಹೆಣ್ಣುಮಗಳು, ಮೂವತ್ತರೊಳಗೆ. ಒಂದು ಬಾಟ್ಲಿ ಮಾತ್ರೆ ಪೂರ್ತಿ ನುಂಗಿದ್ಲು. ಬಾಗಿಲಲ್ಲೇ ಗಾಡಿ ನಿಲ್ಸಿ ನರ್ಸು ಆಸ್ಪತ್ರೆಗೆ ಎಲ್ಲಾ ಹೇಳಿದ್ಲು. ಹೆಸರು, ವಯಸ್ಸು, ಮನೆ ನಂಬರು, ಏನು ನುಂಗಿದ್ದು, ಯಾಕೆ ನುಂಗಿದ್ದು ಅಂತ ಅವಳಮ್ಮ ಹೇಳಿದ್ದು. ಹೇಳ್ಲೇಬೇಕಲ್ಲ, ಡಾಕ್ಟ್ರಿಗೆ ಗೊತ್ತಾಗ್ಬೇಕಲ್ಲ. ಅದೇ ಬೀದೀಲಿ ಒಬ್ಬ ಮನುಷ್ಯ ಹೊತ್ತು ಹೋಗ್ದೆ ಅಂಥದೊಂದು ರೇಡಿಯೋ ತಿರುಗಿಸ್ಕೊಂಡು ಕೂತಿರ್ತಿದ್ದ. ಕೆಟ್ಟೋನಲ್ಲ. ಬಾಯಿ ಸುಮ್ನಿರಲ್ಲ, ಅಷ್ಟೆ. ನಾವು ಆಸ್ಪತ್ರೆ ಮುಟ್ಟೋಕೆ ಮುಂಚೆ ಬೀದಿಗೆಲ್ಲಾ ಗೊತ್ತಾಗಿತ್ತು."

"ಬದುಕಿದ್ಲಾ?"

"ಬದುಕಿದ್ಲು. ಹದಿನೈದು ದಿನಕ್ಕೆ ನಾನೇ ವಾಪಸ್ ಬಿಡೋಕೆ ಹೋದೆ. ಎಲ್ಲಾ ಬಾಗಿಲಲ್ಲೂ ಜನ. ಯಾರೂ ಒಂದು ಮಾತೂ ಆಡ್ಲಿಲ್ಲ, ಸುಮ್ನೆ ನೋಡ್ತಿದ್ರು. ಅವಳು ಇಳೀಲೇ ಇಲ್ಲ. 'ಅಣ್ಣಾ, ಬೇರೆ ಎಲ್ಲಾದ್ರೂ ಕರ್ಕೊಂಡು ಹೋಗಿ' ಅಂದ್ಲು. ಎಲ್ಲಿಗೆ ಅಂತ ಹೋಗ್ಲಿ ನಾನು? ಬೀದಿ ಕೊನೇಲಿ ನಿಲ್ಸ್ಕೊಂಡು ಒಂದು ಗಂಟೆ ಕೂತಿದ್ವಿ. ಆಮೇಲೆ ಅವಳಮ್ಮ ಬಂದು ಕೈ ಹಿಡ್ಕೊಂಡು ಹೋದ್ರು. ತಿಂಗಳೊಳಗೆ ಮನೆ ಖಾಲಿ ಮಾಡಿದ್ರು." ಅವನು ಮತ್ತೆ ಸ್ಟೇರಿಂಗಿನ ಮೇಲೆ ಗಲ್ಲ ಊರಿದ. "ಹೊಸಾ ಸೆಟ್ಟು ಬರುತ್ತೆ ಅಂದಾಗ ನಾನೇ ಎಲ್ರಿಗಿಂತ ಮುಂಚೆ ಖುಷಿ ಪಟ್ಟಿದ್ದು."

ಅಷ್ಟರಲ್ಲಿ ಕರೆ ಬಂತು. ಅವಳನ್ನು ಬಸ್ ನಿಲ್ದಾಣದ ಬಳಿ ಇಳಿಸಿ ಗಾಡಿ ಕೂಗುತ್ತ ಹೋಯಿತು.

ಅವಳ ಮನೆ ಎರಡಂತಸ್ತಿನದು. ಕೆಳಗೆ ಅವಳು ಮತ್ತು ಗಂಡ, ಮೇಲಿನ ಒಂದೇ ಕೋಣೆಯಲ್ಲಿ ಭಾವ. ಓರಗಿತ್ತಿ ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಅಲ್ಲಿಂದೀಚೆಗೆ ಭಾವನ ಊಟ ಕೆಳಗೇ. ಏಳೂವರೆಗೆ ಮೆಟ್ಟಿಲಿಳಿದು ಬರುತ್ತಿದ್ದರು, ತಟ್ಟೆ ತಾವೇ ಇಟ್ಟುಕೊಳ್ಳುತ್ತಿದ್ದರು, ಹೆಚ್ಚೂಕಡಿಮೆ ಮಾತಿಲ್ಲದೆ ಉಂಡು ಹೋಗುತ್ತಿದ್ದರು. ಅವಳ ಗಂಡನಿಗೆ ಕನ್ನಡಕದ ಅಂಗಡಿ. ದಿನವಿಡೀ ಗಾಜು ಉಜ್ಜಿ ಉಜ್ಜಿ ಅವನ ಬೆರಳ ಸಂದಿಯಲ್ಲಿ ಬಿಳಿಯ ಹಿಟ್ಟು ಕೂತಿರುತ್ತಿತ್ತು. ಎಷ್ಟು ತೊಳೆದರೂ ಊಟದ ತಟ್ಟೆಯ ಅಂಚಿಗೆ ಒಂದಿಷ್ಟು ಹತ್ತುತ್ತಿತ್ತು.

"ಭಾವ, ಇವತ್ತು ನಾನು ನಡೀಲಿಲ್ಲ," ಎಂದಳು, ಎಲ್ಲರಿಗೂ ಬಡಿಸಿ ಕೂತ ಮೇಲೆ.

"ಮಂಡೀನಾ? ರಜಾ ಹಾಕ್ಬೇಕಿತ್ತಮ್ಮ."

"ಗಾಡೀಲಿ ಕೂತಿದ್ದೆ. ನಿಂತಿರೋ ಗಾಡೀಲಿ. ಒಂದು ಗಂಟೆ ಮೇಲೆ."

ಭಾವ ಚಮಚ ಕೆಳಗಿಟ್ಟರು. ಅವಳು ನೋಟ್‌ಬುಕ್ಕಿನ ಪುಟ ತೆರೆದು ನೀರಿನ ಲೋಟದ ಪಕ್ಕ ಅವರ ಕಡೆಗೆ ತಿರುಗಿಸಿ ಇಟ್ಟಳು. ಅವರು ಅದರ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವಳಿಗೆ ಅರ್ಥವಾಯಿತು.

"ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

"ಏನು ಗೊತ್ತಿತ್ತು?" ಎಂದ ಗಂಡ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ. "ನಿಮ್ಮಿಬ್ಬರ ಮಧ್ಯೆ ನಾನೊಬ್ಬ ಕಂಬ ಕೂತ ಹಾಗಾಯ್ತಲ್ಲ. ಯಾರಾದ್ರೂ ಬಾಯಿ ಬಿಡಿ."

ಅವಳು ಹೇಳಿದಳು. ಎರಡೇ ಮಾತು. ನಿಂತರೆ ಕೀಲಿ ಬದಲಾಗುವುದಿಲ್ಲ. ಆಂಬುಲೆನ್ಸು ನಿಲ್ಲುವುದೇ ಹೆಚ್ಚು.

"ಎರಡನೇ ವರ್ಷದ ಶುರುವಲ್ಲೇ ಕಣ್ಣಿಗೆ ಬಿತ್ತು," ಎಂದರು ಭಾವ, ತಟ್ಟೆಗೆ ಹೇಳುವವರಂತೆ. "ಸರಿಮಾಡೋಕೆ ಆಗದೇ ಇರೋದೇನಲ್ಲ. ಏರಿಳಿತ ಸಾಲದೇ ಇದ್ರೆ ಕೀಲಿ ಮಾಡ್ಬೇಡ ಅಂತ ಸೆಟ್ಟಿಗೆ ಕಲಿಸ್ಬೇಕು. ಎಷ್ಟಿದ್ರೆ ಸಾಕು, ಎಷ್ಟಿದ್ರೆ ಸಾಲದು ಅಂತ ಲೆಕ್ಕ ಕಟ್ಬೇಕು. ಶುರು ಮಾಡಿದ್ದೆ. ಅಷ್ಟರಲ್ಲಿ ಅವಳು ಹಾಸಿಗೆ ಹಿಡಿದ್ಲು. ಆಮೇಲೆ ನೋಡ್ಕೊಳ್ಳೋಣ, ಆಮೇಲೆ ನೋಡ್ಕೊಳ್ಳೋಣ ಅಂತ ಇದ್ದೆ. ಅವಳು ಹೋದ ಮೇಲೆ ಆ ಕಡತ ತೆಗೆದ್ರೆ ಸಾಕು, ಆಸ್ಪತ್ರೆ ವಾಸನೆ ಬರ್ತಿತ್ತು ನಂಗೆ. ಮುಚ್ಚಿಟ್ಟೆ."

ಅವಳಿಗೆ ಪರೀಕ್ಷೆಯ ಸೂಚನೆಗಳ ಹಾಳೆ ನೆನಪಾಯಿತು. ಎರಡನೇ ವರ್ಷ ಹೊಸದಾಗಿ ಸೇರಿಸಿದ ಅದರ ಮೂರನೆಯ ಸಾಲು ಬಾಯಿಪಾಠವಾಗಿತ್ತು: ಪರೀಕ್ಷೆಯ ಉದ್ದಕ್ಕೂ ಪರೀಕ್ಷಕರು ನಡೆಯುತ್ತಲೇ ಇರತಕ್ಕದ್ದು. ಅದನ್ನು ಬರೆದದ್ದು ಭಾವನ ಕೈ.

"ಅದಕ್ಕಾ ಭಾವ ನನ್ನ ನಡೆಸಿದ್ದು?" ಅವಳ ದನಿ ಏರಲಿಲ್ಲ, ಏರಿಸುವಷ್ಟು ತ್ರಾಣ ಉಳಿದಿರಲಿಲ್ಲ. "ಮೆಟ್ಟಿಲು ಹತ್ತು ಅಂದ್ರಿ, ಹತ್ತಿದೆ. ಇಳಿ ಅಂದ್ರಿ, ಇಳಿದೆ. ಜ್ವರ ಬಂದಾಗ್ಲೂ ನಡೆದೆ. ಕೂತ್ಕೋ ಅಂತ ಒಂದೇ ಒಂದು ಸಲ ಅಂದಿದ್ರೆ ಆಗ್ತಿರ್ಲಿಲ್ವಾ?"

"ಕೂತ್ಕೋ ಅಂದಿದ್ರೆ ನೀನು ನೋಡಿಬಿಡ್ತಿದ್ದೆ," ಎಂದರು ಭಾವ.

ಪಕ್ಕದ ಮನೆಯಲ್ಲಿ ಯಾರೋ ಬಕೆಟ್ಟಿಗೆ ನೀರು ಬಿಟ್ಟಿದ್ದರು, ಅದು ತುಂಬಿ ಚೆಲ್ಲುವ ಸದ್ದು ಕೇಳುತ್ತಿತ್ತು. ಭಾವ ಅರ್ಧ ಊಟ ಬಿಟ್ಟು ಎದ್ದರು. ಬಾಗಿಲ ಹತ್ತಿರ ಹೋಗಿ, ಬೆನ್ನು ಹಾಕಿಕೊಂಡೇ ಹೇಳಿದರು: "ನಾಳೆ ಸಹಿ ಹಾಕಿಬಿಡಮ್ಮ. ಸೆಟ್ಟು ಹೋಗ್ಲಿ. ನಾನು ಲೆಕ್ಕ ಸರಿಮಾಡಿ ಆಮೇಲೆ ಸೆಟ್ಟುಗಳಿಗೆ ತುಂಬಿಸ್ತೀನಿ. ಯಾರಿಗೂ ಗೊತ್ತಾಗಲ್ಲ. ಇದೊಂದು ಸಲ."

ಮದುವೆಯಾಗಿ ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ಭಾವ ಅವಳನ್ನು ಏನನ್ನಾದರೂ ಕೇಳಿಕೊಂಡದ್ದು ಇದೇ ಮೊದಲು. ಒಂದು ಲೋಟ ನೀರನ್ನೂ ತಾವೇ ತೆಗೆದುಕೊಳ್ಳುವ ಮನುಷ್ಯ.

ಪಾತ್ರೆ ತೊಳೆಯುವಾಗ ಗಂಡ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದ. ಮೂರು ತಟ್ಟೆ, ಮೂರು ಲೋಟ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

"ಏನ್ ಮಾಡ್ತೀಯಾ?"

"ಗೊತ್ತಿಲ್ಲ. ಅವರು ನಿಮ್ಮಣ್ಣ."

"ನನ್ನಣ್ಣ ಅಂತ ಸಹಿ ಹಾಕ್ಬೇಡ." ಅವನು ಒಂದು ಲೋಟ ಎತ್ತಿ ದೀಪಕ್ಕೆ ಹಿಡಿದು ನೋಡಿದ, ಅಂಗಡಿಯಲ್ಲಿ ಗಾಜು ನೋಡುವ ಹಾಗೆ. "ಒಂದು ಸಲ ಅವಸರದಲ್ಲಿ ಒಬ್ಬ ಅಜ್ಜಿಗೆ ಯಾರದೋ ಗಾಜು ಹಾಕಿಕೊಟ್ಟುಬಿಟ್ಟಿದ್ದೆ. ಸಂಜೆಗೆ ಗೊತ್ತಾಯ್ತು. ಬರ್ತಾರೆ, ಬೈತಾರೆ, ಆಗ ಬದಲಾಯಿಸಿ ಕೊಡೋಣ ಅಂತ ಕಾದೆ. ಬರ್ಲೇ ಇಲ್ಲ. ಮೂರು ತಿಂಗಳು ಬಿಟ್ಟು ರಸ್ತೇಲಿ ಸಿಕ್ಕಿದ್ರು. ಫುಟ್‌ಪಾತ್ ಎಲ್ಲಿ ಮುಗಿಯುತ್ತೆ ಅಂತ ಕಾಲಲ್ಲಿ ತಡವ್ತಾ ಇದ್ರು. 'ನಂದು ಕಣ್ಣೇ ಹೋಯ್ತಪ್ಪಾ, ನಿನ್ನ ಕನ್ನಡಕ ಏನು ಮಾಡೀತು' ಅಂದ್ರು ನಂಗೆ."

"ಇಷ್ಟು ವರ್ಷದಲ್ಲಿ ಇದನ್ನ ನಂಗೆ ಹೇಳೇ ಇಲ್ಲ ನೀವು."

"ಹೇಳೋ ಅಂಥದ್ದಾ ಅದು?" ಎಂದು ಅವನು ಬಟ್ಟೆಯನ್ನು ಹಿಂಡಿ ಹರವಿದ.

ಮರುದಿನ ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗುವ ದಾರಿಯ ಎರಡೂ ಕಡೆ ಸೆಟ್ಟುಗಳ ಎಂಬತ್ತು ಪೆಟ್ಟಿಗೆಗಳು ಟೇಪು ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಎರಡನೆಯ ದಿನದ ಪರೀಕ್ಷೆ ಮುಗಿಯುವುದನ್ನೂ ಕಾಯದೆ ತುಂಬಿಬಿಟ್ಟಿದ್ದರು. ಮ್ಯಾನೇಜರಿಗೆ ಹೊಟ್ಟೆಯುರಿ, ಯಾವಾಗಲೂ ಬಾಯಲ್ಲೊಂದು ಮಾತ್ರೆ ಚೀಪುತ್ತಿರುತ್ತಿದ್ದರು. ಕೆಟ್ಟವರೇನಲ್ಲ. ಅವರ ಮೇಲಿನವರು ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು, ಅವರು ಕೆಳಗಿನವರಿಗೆ ಎರಡೇ ಸಲ ಮಾಡುತ್ತಿದ್ದರು.

"ಬನ್ನಿ ಬನ್ನಿ, ಇಲ್ಲೊಂದು ಸಹಿ. ಪೆಟ್ಟಿಗೆ ಒಯ್ಯೋಕೆ ಸೋಮವಾರ ಲಾರಿ ಬರುತ್ತೆ."

ಅವಳು ಫಾರ್ಮು ತೆಗೆದುಕೊಂಡು ಕೂತಳು. 'ಪರೀಕ್ಷಕರ ಅಭಿಪ್ರಾಯ' ಎಂಬಲ್ಲಿ ಎರಡು ಗೆರೆಯಷ್ಟು ಜಾಗವಿತ್ತು. ಸಾಧಾರಣವಾಗಿ ಅಲ್ಲಿ 'ತೃಪ್ತಿಕರ' ಎಂದು ಬರೆಯುವುದು. ಪೆನ್ನು ಹಿಡಿದ ಮೇಲೂ ಅವಳು ಏನು ಬರೆಯುತ್ತೇನೆಂದು ತೀರ್ಮಾನ ಮಾಡಿರಲಿಲ್ಲ. ಊದಿದ ಮಂಡಿ ಒಂದೇ ಸಮನೆ ಸಿಡಿಯುತ್ತಿತ್ತು. ಅಂದು ನಿಧಾನಣ್ಣನ ಗಾಡಿಯಿಂದ ಇಳಿಯಲಾರದೆ ಒಂದು ಗಂಟೆ ಕೂತಿದ್ದವಳು ಯಾರೋ, ಅವಳ ಮುಖ ಹೇಗಿತ್ತೋ. ಬರೆದಳು: 'ವಾಹನ ನಿಂತಿರುವಾಗ ಕೀಲಿ ಬದಲಾಗುವುದಿಲ್ಲ. ಬಳಕೆಗೆ ಕೊಡಬಾರದು.' ಕೆಳಗೆ ಸಹಿ ಹಾಕಿ ತಾರೀಖು ಬರೆದಳು.

ಮ್ಯಾನೇಜರು ಎರಡು ಸಲ ಓದಿದರು. ಮಾತ್ರೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೋಯಿತು.

"ನಿಂತಿರುವಾಗ ಅಂದ್ರೆ... ಚಾಲಕರಿಗೆ ಜಾಸ್ತಿ ಹೊತ್ತು ನಿಲ್ಲಿಸ್ಬೇಡಿ ಅಂತ ಒಂದು ಸೂಚನೆ ಕಳಿಸಿದ್ರಾಯ್ತಲ್ಲ?"

"ಆಂಬುಲೆನ್ಸ್ ನಿಲ್ಲಿಸ್ದೆ ರೋಗೀನ ಹತ್ತಿಸೋದು ಹೇಗೆ ಸಾರ್?"

ಅವರು ಹಣೆ ಉಜ್ಜಿಕೊಂಡರು. "ನಿಮ್ಮ ಭಾವನೋರಿಗೆ ಗೊತ್ತಾ ಇದು?"

ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಹೊಳೆದಿರಲೇ ಇಲ್ಲ. ಗೊತ್ತಿಲ್ಲ ಎಂದರೆ ಸುಳ್ಳು, ಗೊತ್ತು ಎಂದರೆ ಚಾಡಿ. ಮೇಜಿನ ಅಂಚಿನ ಮೇಲೆ ಕಿತ್ತು ಬಂದಿದ್ದ ಪಟ್ಟಿಯೊಂದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತ, "ಅವರನ್ನೇ ಕೇಳಿ ಸಾರ್," ಎಂದಳು.

ಕರೆ ಕಳಿಸಿದರು. ಭಾವ ಬಂದರು. ಇಸ್ತ್ರಿಯಿಲ್ಲದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವಳ ಕಡೆ ನೋಡದೆ ಕೈ ಚಾಚಿ ಕಾಗದ ತೆಗೆದುಕೊಂಡು ಓದಿದರು.

"ಆ ಒಂದು ಸೆಟ್ಟಿನ ತಪ್ಪಿರಬಹುದು ಅಲ್ವಾ?" ಎಂದರು ಮ್ಯಾನೇಜರು ಮೆತ್ತಗೆ. "ಒಂದೇ ದಿನದ ಪರೀಕ್ಷೆ. ಮೇಡಮ್ಮಿಗೂ ಹುಷಾರಿರ್ಲಿಲ್ಲವಂತೆ. ಇನ್ನೊಂದು ಸಲ ನೋಡೋಣ, ಇದನ್ನ ಹರಿದು ಹಾಕೋಣ. ನೀವೊಂದು ಮಾತು ಹೇಳಿ, ಸಾಕು."

ಬಾಗಿಲು ತೆರೆದೇ ಇತ್ತು. ಹೊರಗೆ ಯಾರೋ ಪೆಟ್ಟಿಗೆಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು. ಭಾವ ಒಂದು ಮಾತು ಹೇಳಿದರೆ ಮುಗಿಯಿತು, ಮೂರು ವರ್ಷದ ನಡಿಗೆಯ ಮೇಲೆ ಅವರ ಮಾತೇ ನಿಲ್ಲುತ್ತದೆ. ಹೇಳಲಿ ಎಂದೂ ಒಂದು ಕ್ಷಣ ಅವಳಿಗೆ ಅನ್ನಿಸಿತು. ಹೇಳಿಬಿಟ್ಟರೆ ಎದ್ದು ಮನೆಗೆ ಹೋಗಿ ಮಲಗಬಹುದಿತ್ತು.

ಭಾವ ಜೇಬಿನಿಂದ ಪೆನ್ನು ತೆಗೆದರು. ಮೊದಲನೆಯದು ಮೂಡಲಿಲ್ಲ. ಎರಡನೆಯದನ್ನು ತೆಗೆದು, ನಿಂತೇ ಮೇಜಿಗೆ ಬಗ್ಗಿ, ಅವಳ ಸಹಿಯ ಕೆಳಗೆ ಬರೆದರು. ಅಕ್ಷರಗಳು ಗೆರೆ ಬಿಟ್ಟು ಇಳಿದವು. 'ಮೇಲಿನದು ನಿಜ. ಎರಡು ವರ್ಷದಿಂದ ನನಗೆ ತಿಳಿದಿತ್ತು.'

"ಒಂಚೂರು ನೀರು ಕೊಡ್ತೀರಾ?" ಎಂದರು ಮ್ಯಾನೇಜರಿಗೆ.

ಆ ವಾರವೇ ಟೇಪು ಹಚ್ಚಿದ ಎಂಬತ್ತೂ ಪೆಟ್ಟಿಗೆಗಳನ್ನು ಬಿಚ್ಚಿದರು. ಭಾವನಿಗೆ ಸದ್ಯಕ್ಕೆ ಮನೆಯಲ್ಲಿರಿ ಎಂದು ಒಂದು ಪತ್ರ ಬಂತು. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಅದರಲ್ಲಿ ಇರಲಿಲ್ಲ. ಮೂವರು ಹೊಸಬರನ್ನು ಆ ಕೆಲಸಕ್ಕೆ ಹಾಕಿದರು. ಅವಳಿಗೆ ಕುರ್ಚಿಯ ಕೆಲಸ ಕೊಟ್ಟರು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಅವಳು ಬಂದರೆ ಟೀ ಯಂತ್ರದ ಬಳಿ ಮಾತು ತಗ್ಗುತ್ತಿತ್ತು.

ಮನೆಯಲ್ಲಿ ಭಾವ ಏಳೂವರೆಗೆ ಇಳಿದು ಬರುವುದನ್ನು ನಿಲ್ಲಿಸಿದರು. ಗಂಡ ತಟ್ಟೆಯನ್ನು ಮೇಲೆ ಕೊಂಡೊಯ್ಯುತ್ತಿದ್ದ. ತೊಳೆದ ತಟ್ಟೆ ಬೆಳಿಗ್ಗೆ ಕೊನೆಯ ಮೆಟ್ಟಿಲ ಮೇಲೆ ಕವುಚಿಟ್ಟಿರುತ್ತಿತ್ತು. "ಏನಂದ್ರು?" ಎಂದು ಅವಳು ಕೇಳುವಳು. "ಏನಿಲ್ಲ," ಎನ್ನುವನು ಅವನು. ಮೇಲಿನ ಕೋಣೆಯಲ್ಲಿ ಕುರ್ಚಿ ಎಳೆಯುವ ಸದ್ದು, ಕೆಮ್ಮಿನ ಸದ್ದು ಕೆಳಗೆ ಕೇಳುತ್ತಿತ್ತು. ತಾನು ಮಾಡಿದ್ದು ತಪ್ಪು ಎಂದು ಅವಳಿಗೆ ಒಂದು ದಿನವೂ ಅನ್ನಿಸಲಿಲ್ಲ. ಸರಿ ಎಂದು ಸಮಾಧಾನವೂ ಆಗಲಿಲ್ಲ. ದಣಿವೊಂದೇ ಉಳಿದಿತ್ತು, ಕೂತರೂ ಹೋಗದ ದಣಿವು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ ಕವುಚಿಟ್ಟ ತಟ್ಟೆಯ ಕೆಳಗೆ ಮಡಿಚಿದ ಹಾಳೆಗಳಿದ್ದವು. ಐದು ಹಾಳೆ, ಎರಡೂ ಬದಿ, ಭಾವನ ಸಣ್ಣ ಅಕ್ಷರ. ಏರಿಳಿತ ಎಷ್ಟಿದ್ದರೆ ಕೀಲಿ ಮಾಡಬಹುದು, ಎಷ್ಟಕ್ಕಿಂತ ಕಡಿಮೆಯಾದರೆ ಮಾಡಬಾರದು, ಮಾಡಬಾರದಾದಾಗ ಸೆಟ್ಟು ಏನು ಹೇಳಬೇಕು, ಎಲ್ಲ ಲೆಕ್ಕವೂ ಮುಗಿದಿತ್ತು. ಯಾರಿಗೆ ಎಂದಿರಲಿಲ್ಲ, ಯಾರಿಂದ ಎಂದೂ ಇರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಕೊನೆಯವರೆಗೂ ಓದಿದಳು. ಆ ದಿನ ಕಚೇರಿಗೆ ಅರ್ಧ ಗಂಟೆ ತಡವಾಯಿತು. ಹೊಸಬರು ಮೂವರೂ ಹಾಳೆಗಳ ಮೇಲೆ ಬಗ್ಗಿದ್ದಾಗ, ಅವಳು ಮೊದಲ ಪುಟದ ತಲೆಯಲ್ಲಿ ಭಾವನ ಹೆಸರನ್ನು ದೊಡ್ಡದಾಗಿ ಬರೆದಳು.

ಹತ್ತು ದಿನಕ್ಕೆ ಒಂದು ಸೆಟ್ಟು ಹೊಸ ರೀತಿಯಲ್ಲಿ ಸಿದ್ಧವಾಗಿ ನಿಧಾನಣ್ಣನ ಗಾಡಿಗೆ ಬಂತು. ಬಯಲಿನಲ್ಲಿ ನಿಂತು ಹತ್ತು ನಿಮಿಷವಾದ ಮೇಲೆ ಪರದೆಯಲ್ಲಿ ಅಂಕಿ ಬರಲಿಲ್ಲ. 'ಸಾಲದು, ವಾಹನ ಸರಿಸಿ' ಎಂದು ಬಂತು. ಅಷ್ಟರಲ್ಲಿ ಕರೆ ಬಂದರೆ ಎಂದು ಬೆಳಿಗ್ಗೆ ಡಿಪೋದಲ್ಲೇ ತಂತಿ ಹಚ್ಚಿ ತುಂಬಿಸಿದ ಮೀಸಲು ಕೀಲಿಗಳಿದ್ದವು.

"ನೋಡಿ ಮೇಡಂ, ಕೂತಿದ್ರೆ ಎಬ್ಬಿಸೋ ಕೆಲ್ಸ ಮನೇಲಿ ಹೆಂಡ್ತಿ ಮಾಡ್ತಿದ್ಲು, ಈಗ ಇಲ್ಲೂ ಒಂದಾಯ್ತು," ಎಂದು ಗೊಣಗುತ್ತ ನಿಧಾನಣ್ಣ ಟ್ಯಾಂಕಿನ ಸುತ್ತ ಒಂದು ಸುತ್ತು ಹಾಕಿದ. ಅಂಕಿ ಬಂತು. ಹೊಸದು. ಅವನು ಅದನ್ನು ಕಣ್ಣು ಕಿರಿದು ಮಾಡಿ ನೋಡಿದ. "ಯಾರು ಕಂಡುಹಿಡಿದ್ರು ಇದನ್ನ?"

"ನಮ್ಮ ಭಾವ," ಎಂದಳು.

ಆ ದಿನ ಕೆಲಸ ಬೇಗ ಮುಗಿದು ಮೂರು ಗಂಟೆಗೇ ಮನೆಗೆ ಬಂದಳು. ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಗಂಡ ಅಂಗಡಿಯಲ್ಲಿರುವ ಹೊತ್ತು. ತಳ್ಳಿಕೊಂಡು ಒಳಗೆ ಬಂದರೆ, ಮುಂದಿನ ಕೋಣೆಯ ಬೆಂಚಿನ ಮೇಲೆ ಭಾವ ಮಲಗಿದ್ದರು. ಕೆಳಗೆ ಬಂದವರು ಕೂತು ಕಾಯುತ್ತಿದ್ದಿರಬೇಕು, ಹಾಗೇ ಒರಗಿ ನಿದ್ದೆ ಹೋದಂತಿತ್ತು. ಚಪ್ಪಲಿಗಳು ಕಾಲಲ್ಲೇ ಇದ್ದವು. ಬಾಯಿ ಸ್ವಲ್ಪ ತೆರೆದಿತ್ತು, ನಾಲ್ಕು ದಿನದ ಬಿಳಿ ಗಡ್ಡ.

ಪಡುವಣ ಕಿಟಕಿಯಿಂದ ಬಿಸಿಲು ನೇರವಾಗಿ ಅವರ ಮುಖದ ಮೇಲೆ ಬೀಳುತ್ತಿತ್ತು. ಅವರು ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿ ಮುಖ ಆಚೆ ತಿರುಗಿಸಲು ನೋಡಿದರು. ಅವಳು ಚೀಲ ನೆಲಕ್ಕಿಟ್ಟು, ಹೆಜ್ಜೆ ಸದ್ದಾಗದಂತೆ ಹೋಗಿ ಪರದೆ ಎಳೆದಳು. ಪರದೆಯ ಎರಡು ಬಳೆ ಕಿತ್ತು ಹೋಗಿದ್ದರಿಂದ ಕೈಬಿಟ್ಟ ಕೂಡಲೇ ಅದು ಜಾರಿ ಹಿಂದಕ್ಕೆ ಸರಿಯಿತು. ಮತ್ತೆ ಎಳೆದಳು, ಮತ್ತೆ ಸರಿಯಿತು. ಮೂರನೆಯ ಸಲ ಎಳೆದು, ಬಟ್ಟೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಎಡಗಾಲಿನ ಮೇಲೆ ಭಾರ ಹಾಕಿ ಕಿಟಕಿಯ ಚೌಕಟ್ಟಿಗೆ ಒರಗಿ ನಿಂತಳು. ನೆರಳು ಭಾವನ ಹಣೆಯಿಂದ ಎದೆಯವರೆಗೆ ಬಿತ್ತು. ಎದುರುಮನೆಯ ಗೋಡೆಯ ಹಿಂದೆ ಸೂರ್ಯ ಇಳಿಯಲು ಇನ್ನೂ ಮುಕ್ಕಾಲು ಗಂಟೆಯಾದರೂ ಬೇಕಿತ್ತು.